‘ಇಡೀ ದಿನ ಮಕ್ಕಳಿಂದ ಏನು ಮಾಡಿಸಲಿ?’: ಮನೆಯಲ್ಲೇ ಪುಟ್ಟ ಮಕ್ಕಳನ್ನು ನೋಡಿಕೊಳ್ಳಲು ಹೊರಟವರಿಗೆ

ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಇಳಿದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಇಡೀ ದಿನ ಮಕ್ಕಳಿಂದ ಏನು ಮಾಡಿಸಲಿ?’ ಕೆಲವರು ಪಟ್ಟಿಯನ್ನೂ ಸಿದ್ಧ ಮಾಡಿಟ್ಟುಕೊಂಡಿರುತ್ತಾರೆ. ಒಂಬತ್ತಕ್ಕೆ ಬಣ್ಣ, ಒಂಬತ್ತೂವರೆಗೆ ಅಂಕಿ, ಹತ್ತಕ್ಕೆ ಕಾಗದದ ಹೂವು. ನೋಡಿದರೆ ಶಾಲೆಯ ವೇಳಾಪಟ್ಟಿಯ ಹಾಗಿರುತ್ತದೆ. ಮೂರನೆಯ ದಿನಕ್ಕೆ ಆ ಪಟ್ಟಿ ಹರಿದಿರುತ್ತದೆ. ಕೆಲವೊಮ್ಮೆ ನಿಜವಾಗಿಯೇ, ಒಂದೂವರೆ ವರ್ಷದ ಕೈಗಳಲ್ಲಿ.

ಎಡವುವುದು ಆ ‘ಮಾಡಿಸು’ ಎಂಬ ಪದದಲ್ಲೇ. ಒಂದರಿಂದ ಮೂರು ವರ್ಷದ ಮಗು ಎಚ್ಚರವಿರುವಷ್ಟು ಹೊತ್ತೂ ಏನಾದರೂ ಮಾಡುತ್ತಲೇ ಇರುತ್ತದೆ. ಅದಕ್ಕೆ ಬೇಕಾದದ್ದು ಜಾಗ, ಸಾಮಾನು, ಸಮಯ ಮತ್ತು ಪಕ್ಕದಲ್ಲಿ ಕುಳಿತ ಒಬ್ಬ ದೊಡ್ಡವರು. ಈ ನಾಲ್ಕನ್ನು ಮುಂಚಿತವಾಗಿ ಹೊಂದಿಸಿಡುವುದಕ್ಕೇ ನಾನು ಯೋಜನೆ ಎನ್ನುತ್ತೇನೆ. ಬೇರೆ ಬೇರೆ ವಯಸ್ಸಿನ ಎರಡು ಮೂರು ಮಕ್ಕಳು, ಅವರ ಜೊತೆ ನೀವೊಬ್ಬರೇ ಇರುವ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹಂತಗಳನ್ನು ಬರೆದಿದ್ದೇನೆ.

ಶುರು ಮಾಡುವ ಮೊದಲು

ಈ ಕೆಲಸಕ್ಕೆ ನೋಂದಣಿ ಬೇಕೇ, ಒಬ್ಬರು ಎಷ್ಟು ಮಕ್ಕಳನ್ನು ನೋಡಿಕೊಳ್ಳಬಹುದು ಎಂಬ ನಿಯಮ ಎಲ್ಲ ಕಡೆ ಒಂದೇ ಅಲ್ಲ. ನಿಮ್ಮಲ್ಲಿ ಹೇಗಿದೆ ಎಂದು ಮೊದಲು ವಿಚಾರಿಸಿ. ಮಕ್ಕಳ ಪ್ರಥಮ ಚಿಕಿತ್ಸೆಯ ತರಬೇತಿಯನ್ನು, ಅದರಲ್ಲೂ ಗಂಟಲಿಗೆ ಏನಾದರೂ ಸಿಕ್ಕಿಕೊಂಡಾಗ ಮಾಡಬೇಕಾದದ್ದನ್ನು, ಕೈಯಾರೆ ಅಭ್ಯಾಸ ಮಾಡಿ ಕಲಿಯಿರಿ. ಓದಿ ತಿಳಿದದ್ದು ಆ ಗಳಿಗೆಯಲ್ಲಿ ನೆನಪಿಗೆ ಬರುವುದಿಲ್ಲ.

ಪ್ರತಿ ಮಗುವಿಗೂ ಒಂದು ಹಾಳೆ ಇರಲಿ. ಅಲರ್ಜಿ, ಔಷಧ, ನಿದ್ದೆಯ ಹೊತ್ತು, ತುರ್ತಿಗೆ ಕರೆಯಬೇಕಾದ ಎರಡು ಫೋನ್ ಸಂಖ್ಯೆ, ಮಗುವನ್ನು ಯಾರ ಕೈಗೆ ಕೊಡಬಹುದು ಎಂಬುದು. ಇವನ್ನು ಯಾರಾದರೂ ಬರೆದುಕೊಳ್ಳುತ್ತಾರೆ. ಮರೆಯುವುದು ಇನ್ನೊಂದನ್ನು: ಮಗುವಿನ ಸ್ವಂತ ಪದಕೋಶ. ನೀರಿಗೆ ಅದು ಏನನ್ನುತ್ತದೆ, ನಿದ್ದೆ ಬಂದಾಗ ಯಾವ ಸದ್ದು ಮಾಡುತ್ತದೆ, ಮೂತ್ರ ಬಂದರೆ ಹೇಗೆ ತಿಳಿಸುತ್ತದೆ, ತಬ್ಬಿಕೊಂಡು ಮಲಗುವ ಬಟ್ಟೆಯ ಹೆಸರೇನು? ತಾಯಿ ತಂದೆಯನ್ನು ಕೇಳಿ ಹತ್ತು ಪದಗಳನ್ನಾದರೂ ಬರೆದಿಡಿ. ‘ಬೂ’ ಎಂದರೆ ನೀರು ಎಂದು ಗೊತ್ತಿಲ್ಲದೆ ಅರ್ಧ ಗಂಟೆ ಅಳಿಸಿದ ಅನುಭವ ನನಗಿದೆ.

ಹಂತ 1: ಮೊದಲ ವಾರ ಏನನ್ನೂ ಯೋಜಿಸಬೇಡಿ

ಓದಲು ಸುಲಭ, ಮಾಡಲು ಕಷ್ಟ. ಹೊಸಬರಿಗೆ ಕೈ ಸುಮ್ಮನಿರುವುದಿಲ್ಲ. ಆದರೂ ಒಂದು ವಾರ ನಾಲ್ಕೈದು ಸರಳ ಸಾಮಾನು ಹರಡಿ, ನೆಲದ ಮೇಲೆ ಕುಳಿತು, ಒಂದು ನೋಟುಪುಸ್ತಕದಲ್ಲಿ ಕಂಡದ್ದನ್ನು ಬರೆಯಿರಿ. ‘ಚೆನ್ನಾಗಿ ಆಡಿದ’ ಎಂದು ಬರೆದರೆ ಯಾವ ಪ್ರಯೋಜನವೂ ಇಲ್ಲ. ‘ಚಮಚವನ್ನು ಕುರ್ಚಿಯಿಂದ ಒಂಬತ್ತು ಸಲ ಕೆಳಗೆ ಬಿಟ್ಟ, ಪ್ರತಿ ಸಲವೂ ಸದ್ದಿಗೆ ಕಾದ’ ಎಂದು ಬರೆದರೆ ನಾಳೆಗೆ ದಾರಿ ಸಿಗುತ್ತದೆ.

ನನ್ನಲ್ಲಿಗೆ ಬರುತ್ತಿದ್ದ ಒಂದು ವರ್ಷ ನಾಲ್ಕು ತಿಂಗಳ ಹುಡುಗಿಯೊಬ್ಬಳು ಬುಟ್ಟಿಯಲ್ಲಿದ್ದ ಮರದ ಉಂಗುರಗಳನ್ನು ಒಂದೊಂದಾಗಿ ಎತ್ತಿಕೊಂಡು ಬಾಗಿಲ ಬಳಿ ಬಿಟ್ಟಿದ್ದ ನನ್ನ ಚಪ್ಪಲಿಯವರೆಗೆ ನಡೆದು ಹೋಗಿ ಅದರ ಮೇಲೆ ಇಡುತ್ತಿದ್ದಳು. ಇಟ್ಟು, ಬರಿಗೈಯನ್ನೊಮ್ಮೆ ನೋಡಿಕೊಂಡು, ಮತ್ತೆ ಬುಟ್ಟಿಗೆ. ಹನ್ನೊಂದು ಸಲ. ನಾನು ಕಷ್ಟಪಟ್ಟು ಸಿದ್ಧಮಾಡಿದ್ದ ಬಣ್ಣ ತುಂಬುವ ಹಾಳೆಯನ್ನು ಕೈಗೆ ಕೊಟ್ಟೆ. ಅದನ್ನೂ ಒಯ್ದು ಚಪ್ಪಲಿಯ ಮೇಲಿಟ್ಟಳು. ಅವಳಿಗೆ ಆ ವಾರ ಬೇಕಿದ್ದದ್ದು ಸಾಗಿಸುವ ಕೆಲಸ. ಮರುದಿನ ಒಂದು ಹಿಡಿಕೆಯ ಚೀಲ, ಕೋಣೆಯ ಎರಡು ಮೂಲೆಯಲ್ಲಿ ಎರಡು ಬುಟ್ಟಿ ಇಟ್ಟೆ. ಇಡೀ ಬೆಳಗು ಕಳೆಯಿತು.

ಹೀಗೆ ಮಗು ಒಂದೇ ಬಗೆಯ ಕ್ರಿಯೆಯನ್ನು ಬೇರೆ ಬೇರೆ ವಸ್ತುಗಳ ಮೇಲೆ ಮತ್ತೆ ಮತ್ತೆ ಮಾಡುವುದನ್ನು ಶಿಶುಶಿಕ್ಷಣದವರು ‘ಸ್ಕೀಮಾ’ ಎನ್ನುತ್ತಾರೆ. ‘ಆಟದ ಜಾಡು’ ಎಂದುಕೊಂಡರೆ ಸಾಕು. ಹೆಚ್ಚಾಗಿ ಕಾಣುವ ಜಾಡುಗಳು ಇವು: ಎಸೆಯುವುದು ಮತ್ತು ಬೀಳಿಸುವುದು, ಸಾಗಿಸುವುದು, ತಿರುಗಿಸುವುದು, ಮುಚ್ಚಿಡುವುದು ಮತ್ತು ಸುತ್ತುವುದು, ಒಂದರೊಳಗೊಂದು ತುಂಬುವುದು, ಜೋಡಿಸಿ ಬಿಡಿಸುವುದು. ಎಸೆಯುವ ಮಗುವಿಗೆ ‘ಎಸೆಯಬೇಡ’ ಎಂದು ದಿನಕ್ಕೆ ಐವತ್ತು ಸಲ ಹೇಳುವುದಕ್ಕಿಂತ ಬಟ್ಟೆಯ ಚೆಂಡು, ದೊಡ್ಡ ಬುಟ್ಟಿ ಕೊಟ್ಟು ‘ಇದನ್ನು ಇಲ್ಲಿ ಎಸೆ’ ಎಂದರೆ ಇಬ್ಬರಿಗೂ ನೆಮ್ಮದಿ. ಎಲ್ಲ ಮಕ್ಕಳಲ್ಲೂ ಒಂದು ಜಾಡು ಎದ್ದು ಕಾಣುತ್ತದೆ ಎಂದೇನಿಲ್ಲ. ಕಾಣದಿದ್ದರೆ ಹುಡುಕಿ ಹೆಸರು ಅಂಟಿಸಲು ಹೋಗಬೇಡಿ.

ಹಂತ 2: ದಿನದ ಚೌಕಟ್ಟು ಹಾಕಿ, ಉಳಿದ ಸಮಯವನ್ನು ಲೆಕ್ಕ ಹಾಕಿ

ಚಟುವಟಿಕೆಗಳನ್ನು ಹುಡುಕುವ ಮೊದಲು ನಿದ್ದೆ, ಊಟ, ಹೊರಾಂಗಣ ಈ ಮೂರನ್ನು ಕಾಗದದ ಮೇಲೆ ಗುರುತು ಮಾಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ 1–2 ವರ್ಷದ ಮಕ್ಕಳಿಗೆ ದಿನದ 24 ಗಂಟೆಯಲ್ಲಿ 11ರಿಂದ 14 ಗಂಟೆ ನಿದ್ದೆ ಬೇಕು, ಹಗಲಿನ ನಿದ್ದೆಯೂ ಸೇರಿ. ಹಗುರವೋ ಜೋರೋ, ಮೈ ಆಡಿಸುವ ಚಟುವಟಿಕೆ ದಿನವಿಡೀ ಹರಡಿಕೊಂಡು ಕನಿಷ್ಠ 180 ನಿಮಿಷ ಇರಬೇಕು. ತಳ್ಳುಗಾಡಿಯಲ್ಲೋ ಎತ್ತರದ ಕುರ್ಚಿಯಲ್ಲೋ ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿ ಕೂರಿಸಬಾರದು. ಒಂದು ವರ್ಷದವರಿಗೆ ಪರದೆಯ ಮುಂದೆ ಕೂರಿಸುವುದೇ ಬೇಡ. ಎರಡು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆ ಇದ್ದಷ್ಟೂ ಒಳ್ಳೆಯದು. ಆ ಒಂದು ಗಂಟೆ ಮಗುವಿನ ಮನೆಯಲ್ಲೇ ಮುಗಿದಿರುತ್ತದೆ ಎಂದು ತಿಳಿದು ನಿಮ್ಮ ಯೋಜನೆಯಿಂದ ಟಿವಿ, ಮೊಬೈಲ್ ಎರಡನ್ನೂ ತೆಗೆದುಬಿಡಿ.

ಈಗ ಲೆಕ್ಕ ನೋಡಿ. ಮಗು ನಿಮ್ಮಲ್ಲಿ ಒಂಬತ್ತು ಗಂಟೆ ಇರುತ್ತದೆ ಎಂದುಕೊಳ್ಳೋಣ. ನಿದ್ದೆಗೆ ಎರಡು ಗಂಟೆ. ಊಟ, ತಿಂಡಿಗೆ ಒಂದೂವರೆ. ಡಯಾಪರ್ ಬದಲಿಸುವುದು, ಕೈ ತೊಳೆಯುವುದು, ಪಾದರಕ್ಷೆ ಹಾಕಿ ತೆಗೆಯುವುದು, ಬರುವಾಗಿನ ಅಳು, ಹೋಗುವಾಗಿನ ಗಡಿಬಿಡಿ ಎಲ್ಲ ಸೇರಿ ಇನ್ನೊಂದೂವರೆ. ಉಳಿದದ್ದು ನಾಲ್ಕು ಗಂಟೆ. ಅದರಲ್ಲಿ ಎರಡು ಗಂಟೆ ಹೊರಗೆ ಅಥವಾ ಮೈ ಕುಣಿಸುವ ಆಟಕ್ಕೆ. ಒಳಗೆ ಕುಳಿತು ಆಡುವುದಕ್ಕೆ ಉಳಿಯುವುದು ಎರಡೇ ಗಂಟೆ, ಅದರಲ್ಲೂ ಬಹುಪಾಲು ಮಗು ತನ್ನ ಪಾಡಿಗೆ ಆಡುತ್ತದೆ. ನೀವು ಸಿದ್ಧಮಾಡಿದ ಚಟುವಟಿಕೆಗೆ ಸಿಗುವುದು ಹತ್ತಿಪ್ಪತ್ತು ನಿಮಿಷ. ಆದ್ದರಿಂದ ದಿನಕ್ಕೆ ಒಂದೇ ಒಂದು ಚಟುವಟಿಕೆ ಸಿದ್ಧಮಾಡಿ. ಐದು ಸಿದ್ಧಮಾಡಿದವರು ನಾಲ್ಕನ್ನು ಮಕ್ಕಳ ಮೇಲೆ ಹೇರುತ್ತಾರೆ.

ಒಂದು ಸಾಮಾನ್ಯ ತೊಡಕು: ಹಗಲಲ್ಲಿ ಎರಡು ಸಲ ಮಲಗುತ್ತಿದ್ದ ಮಗು ಸುಮಾರು ಒಂದರಿಂದ ಒಂದೂವರೆ ವರ್ಷದ ನಡುವೆ ಒಂದೇ ನಿದ್ದೆಗೆ ಇಳಿಯುತ್ತದೆ. ಆ ಕೆಲವು ವಾರ ಯಾವ ವೇಳಾಪಟ್ಟಿಯೂ ನಿಲ್ಲದು. ಊಟವನ್ನು ಅರ್ಧ ಗಂಟೆ ಮುಂಚೆ ಮಾಡಿಸಿ, ಬೇಗ ಮಲಗಿಸಿ, ಅಷ್ಟೇ. ಚಿಕ್ಕದು ಮಲಗಿದ್ದು ದೊಡ್ಡದು ಎದ್ದಿರುವ ಹೊತ್ತನ್ನು ಮಾತ್ರ ಬಂಗಾರದಂತೆ ಬಳಸಿಕೊಳ್ಳಿ. ಎರಡೂವರೆ ವರ್ಷದವರ ತುಸು ಸೂಕ್ಷ್ಮ ಕೆಲಸಗಳೆಲ್ಲ ಆಗಲೇ ಆಗಬೇಕು.

ಹಂತ 3: ಮಂಡಿಯೂರಿ ಕೋಣೆಯನ್ನು ನೋಡಿ

ನಿಂತು ನೋಡಿದರೆ ಅಪಾಯ ಕಾಣುವುದಿಲ್ಲ. ನೆಲದ ಮೇಲೆ ಮಂಡಿಯೂರಿ ಹರಿದಾಡಿ. ಸೋಫಾದ ಕೆಳಗಿನ ನಾಣ್ಯ, ಕಿಟಕಿಯ ಪರದೆಯ ನೇತಾಡುವ ಹಗ್ಗ, ಎಳೆದರೆ ಉರುಳುವ ಕಪಾಟು ಎಲ್ಲವೂ ಆಗ ಕಣ್ಣಿಗೆ ಬೀಳುತ್ತವೆ. ಕಪಾಟನ್ನು ಗೋಡೆಗೆ ಬಿಗಿಸಿ.

ಗಂಟಲಿಗೆ ಸಿಕ್ಕಿಕೊಳ್ಳುವ ವಸ್ತುಗಳನ್ನು ಅಳೆಯಲು ಆಟಿಕೆಗಳ ಸುರಕ್ಷತಾ ಪರೀಕ್ಷೆಯಲ್ಲಿ 31.7 ಮಿಲಿಮೀಟರ್ ಅಡ್ಡಳತೆಯ ಕೊಳವೆಯನ್ನು ಬಳಸುತ್ತಾರೆ. ಮನೆಯಲ್ಲಿ ಟಾಯ್ಲೆಟ್ ಕಾಗದದ ಸುರುಳಿಯ ಒಳಗಿನ ರಟ್ಟಿನ ಕೊಳವೆ ಸಾಕು. ಅದು ಸ್ವಲ್ಪ ದೊಡ್ಡದಿರುವುದರಿಂದ ಇನ್ನೂ ಒಳ್ಳೆಯದೇ. ಅದರೊಳಗೆ ತೂರುವ ಯಾವುದೂ ಮೂರು ವರ್ಷದೊಳಗಿನವರ ಕೈಗೆ ಸಿಗಬಾರದು. ಆ ಕೊಳವೆಯನ್ನು ಆಟಿಕೆಗಳ ಡಬ್ಬಿಯಲ್ಲೇ ಇಟ್ಟಿರಿ, ಅನುಮಾನ ಬಂದಾಗಲೆಲ್ಲ ಹಾಕಿ ನೋಡಿ.

ಕೊಳವೆಯ ಪರೀಕ್ಷೆಗೂ ಕಾಯದೆ ಮನೆಯಿಂದ ಹೊರಗಿಡಬೇಕಾದ ಕೆಲವಿವೆ. ಗುಂಡಿಯಾಕಾರದ ಚಪ್ಪಟೆ ಬ್ಯಾಟರಿಯನ್ನು ನುಂಗಿ ಅದು ಅನ್ನನಾಳದಲ್ಲಿ ನಿಂತರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯವಾಗಬಹುದು. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು. ರಿಮೋಟು, ಸದ್ದು ಮಾಡುವ ಆಟಿಕೆ, ಹಾಡುವ ಶುಭಾಶಯ ಪತ್ರಗಳಲ್ಲಿ ಇದು ಇರುತ್ತದೆ. ಸ್ಕ್ರೂ ಹಾಕಿದ ಮುಚ್ಚಳವಿಲ್ಲದಿದ್ದರೆ ಬೇಡವೇ ಬೇಡ. ಚಿಕ್ಕ ಬಲಶಾಲಿ ಅಯಸ್ಕಾಂತಗಳು, ಊದದ ಹಾಗೂ ಒಡೆದ ಬಲೂನುಗಳು, ನೀರು ಹೀರಿ ಊದಿಕೊಳ್ಳುವ ಬಣ್ಣಬಣ್ಣದ ಜೆಲ್ ಮಣಿಗಳು ಕೂಡ ಇದೇ ಸಾಲಿನವು. ಆ ಮಣಿಗಳನ್ನು ‘ಸ್ಪರ್ಶದ ಆಟ’ ಎಂದು ಹೊಗಳುವ ವೀಡಿಯೊಗಳು ಬೇಕಾದಷ್ಟಿವೆ. ನುಂಗಿದರೆ ಅವು ಕರುಳಿನಲ್ಲಿ ಹಿಗ್ಗಿ ದಾರಿ ಕಟ್ಟುತ್ತವೆ. ಒಣ ಕಾಳುಗಳದ್ದೂ ಅದೇ ಕಥೆ: ಮೂಗಿನೊಳಗೆ ಸೇರಿ, ತೇವ ಹೀರಿ, ಉಬ್ಬುತ್ತವೆ.

ಹಂತ 4: ಸಾಮಾನನ್ನು ಆರಿಸಿ

ಅಂಗಡಿಯ ಆಟಿಕೆಗಳಿಗಿಂತ ಅಡುಗೆಮನೆಯ ಕಪಾಟು ನಿಮಗೆ ಹೆಚ್ಚು ನೆರವಾಗುತ್ತದೆ. ನಾನು ಮತ್ತೆ ಮತ್ತೆ ಮರಳುವ ಆಟಗಳು ಐದಾರು. ಅವನ್ನೇ ಹೇಳುತ್ತೇನೆ.

ಸುಮ್ಮನೆ ವಸ್ತುಗಳ ಆಟ. ಬ್ರಿಟನ್ನಿನ ಶಿಶುಶಿಕ್ಷಣ ತಜ್ಞೆ ಎಲಿನಾರ್ ಗೋಲ್ಡ್‌ಶ್ಮೀಡ್ ಇದಕ್ಕೆ ‘ಹ್ಯೂರಿಸ್ಟಿಕ್’ ಆಟ ಎಂದು ಹೆಸರಿಟ್ಟರು. ಅಂದರೆ ತಾನೇ ಹುಡುಕಿ ಕಂಡುಕೊಳ್ಳುವ ಆಟ. ಇನ್ನೂ ನಡೆಯದೆ ಕುಳಿತಿರುವ ಮಗುವಿಗೆ ಒಂದೇ ಬುಟ್ಟಿಯಲ್ಲಿ ಮರ, ಲೋಹ, ಬಟ್ಟೆ, ಚರ್ಮ ಹೀಗೆ ಬಗೆಬಗೆಯ ವಸ್ತು. ನಡೆಯಲು ಕಲಿತವರಿಗೆ ಒಂದೇ ಬಗೆಯ ವಸ್ತುಗಳು ರಾಶಿ ರಾಶಿ. ಡಬ್ಬಿಗಳು, ಅವುಗಳ ದೊಡ್ಡ ಮುಚ್ಚಳಗಳು, ಅಗಲ ಬಾಯಿಯ ರಟ್ಟಿನ ಕೊಳವೆಗಳು, ಪರೀಕ್ಷೆಯ ಕೊಳವೆಯೊಳಗೆ ತೂರದ, ಪರದೆಗೆ ಹಾಕುವ ದಪ್ಪ ಉಂಗುರಗಳು, ಉಣ್ಣೆಯ ದೊಡ್ಡ ಉಂಡೆಗಳು, ಬಟ್ಟೆಯ ಚೀಲಗಳು. ಒಂದೊಂದು ಬಗೆಯನ್ನೂ ಒಂದೊಂದು ಚೀಲದಲ್ಲಿ ಇಟ್ಟುಕೊಂಡು ಬೇರೆ ಆಟಿಕೆಗಳನ್ನೆಲ್ಲ ಕಣ್ಣಿಗೆ ಬೀಳದ ಹಾಗೆ ಎತ್ತಿಡಿ. ಚೀಲಗಳನ್ನು ಅಲ್ಲಲ್ಲಿ ಸುರಿದು, ನೀವು ಒಂದು ಕಡೆ ಕುಳಿತುಬಿಡಿ. ಹೇಗೆ ಆಡಬೇಕೆಂದು ತೋರಿಸಬೇಡಿ. ಹೊಗಳಲೂ ಬೇಡಿ.

ಮೊದಲ ಐದು ನಿಮಿಷ ಏನೂ ಆಗುತ್ತಿಲ್ಲ ಎನಿಸುತ್ತದೆ. ಆಮೇಲೆ ಒಬ್ಬ ಉಂಗುರವನ್ನು ಕೊಳವೆಯೊಳಗೆ ಬಿಟ್ಟು ಇನ್ನೊಂದು ತುದಿಯಿಂದ ಇಣುಕುತ್ತಾನೆ. ಬರಲಿಲ್ಲ, ಕೊಳವೆ ಅಡ್ಡ ಇದೆ. ಕೊಳವೆಯನ್ನು ಅಲ್ಲಾಡಿಸುತ್ತಾನೆ, ಓರೆ ಮಾಡುತ್ತಾನೆ. ಟಣ್ ಎಂದು ಉಂಗುರ ಡಬ್ಬಿಗೆ ಬೀಳುತ್ತದೆ. ಮುಖವೆತ್ತಿ ನಿಮ್ಮನ್ನು ನೋಡುತ್ತಾನೆ. ನೀವು ಆ ನೋಟಕ್ಕೆ ಸಿಗಬೇಕು. ಫೋನಿನೊಳಗೆ ಮುಳುಗಿದ್ದರೆ ಆ ಗಳಿಗೆ ಹೋಯಿತು. ಮುಗಿಸಲು ಹದಿನೈದು ನಿಮಿಷ ಬೇರೆ ಇಟ್ಟುಕೊಳ್ಳಿ, ಏಕೆಂದರೆ ವಸ್ತುಗಳನ್ನು ಮತ್ತೆ ಆಯಾ ಚೀಲಕ್ಕೆ ತುಂಬುವುದು ಮಕ್ಕಳ ಜೊತೆ ಆಗಬೇಕಾದ ಕೆಲಸ. ಅದೂ ಆಟವೇ, ಹಲವರಿಗೆ ಹೆಚ್ಚು ಇಷ್ಟವಾಗುವ ಆಟ.

ನೀರು. ಅಗಲದ ಟಬ್, ನಾಲ್ಕು ಬೆರಳು ನೀರು, ಬಟ್ಟಲು, ಸೌಟು, ಜರಡಿ, ಆಲಿಕೆ, ಸ್ಪಂಜು. ಕೆಳಗೆ ದಪ್ಪ ಟವೆಲ್ಲು. ಎಚ್ಚರಿಕೆ: ಐದು ಸೆಂಟಿಮೀಟರ್ ನೀರಿನಲ್ಲೂ ಪುಟ್ಟ ಮಗು ಮುಳುಗಬಹುದು, ಅದೂ ಸದ್ದಿಲ್ಲದೆ. ಬಾಗಿಲ ಗಂಟೆ ಬಾರಿಸಿದರೆ ಮಕ್ಕಳನ್ನು ಕರೆದುಕೊಂಡೇ ಹೋಗಿ. ಆಟ ಮುಗಿದ ಕೂಡಲೇ ಟಬ್ಬನ್ನು ಬರಿದು ಮಾಡಿ ಬೋರಲು ಹಾಕಿ. ‘ಆಮೇಲೆ ಚೆಲ್ಲುತ್ತೇನೆ’ ಎನ್ನುವ ಮಾತೇ ಬೇಡ.

ಹಿಟ್ಟಿನ ಮುದ್ದೆ. ಒಂದು ಕಪ್ ಹಿಟ್ಟು, ಅರ್ಧ ಕಪ್ ಉಪ್ಪು, ಒಂದು ಕಪ್ ನೀರು, ಒಂದು ದೊಡ್ಡ ಚಮಚ ಎಣ್ಣೆ. ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿದರೆ ಪಾತ್ರೆಯ ಅಂಚು ಬಿಟ್ಟು ಉಂಡೆಯಾಗುತ್ತದೆ. ಆರಿದ ಮೇಲೆ ನಾದಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಹಸಿ ಹಿಟ್ಟಿನಲ್ಲಿ ರೋಗಾಣುಗಳಿರಬಹುದಾದ್ದರಿಂದ ಬೇಯಿಸಿದ್ದೇ ಮೇಲು. ಇಷ್ಟು ಉಪ್ಪು ಹೊಟ್ಟೆಗೆ ಹೋದರೆ ಪುಟ್ಟ ಮಗುವಿಗೆ ನಿಜಕ್ಕೂ ಅಪಾಯ. ಹಾಗಾಗಿ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಹಂತದಲ್ಲಿರುವವರಿಗೆ ಇದನ್ನು ಕೊಡಬೇಡಿ. ಉಪ್ಪಿಲ್ಲದೆ ಬೇಯಿಸಿದ ಮುದ್ದೆಯನ್ನು ಆ ದಿನಕ್ಕೆ ಮಾತ್ರ ಮಾಡಿ, ಸಂಜೆ ಎಸೆಯಿರಿ. ಗೋಧಿಯ ಅಲರ್ಜಿ ಇರುವ ಮಗುವಿದ್ದರೆ ಆ ಹಿಟ್ಟು ಇಡೀ ಗುಂಪಿಗೇ ಬೇಡ.

ಗೀಚುವುದು. ಒಂದೂವರೆ ವರ್ಷದ ಮಗು ಬಳಪವನ್ನು ಮುಷ್ಟಿಯಲ್ಲೇ ಹಿಡಿಯುತ್ತದೆ, ಭುಜದಿಂದ ಗೀಚುತ್ತದೆ. ಬೆರಳು ತಿದ್ದಲು ಹೋಗಬೇಡಿ. ದೊಡ್ಡ ಕಾಗದವನ್ನು ನೆಲಕ್ಕೆ ಅಂಟಿಸಿ, ದಪ್ಪ ಬಳಪ ಎರಡೇ ಬಣ್ಣ ಕೊಡಿ. ಹೊರಗೆ ಬಿಸಿಲಿದ್ದರೆ ಬಕೆಟ್ಟಿನ ತಳದಲ್ಲಿ ಚೂರು ನೀರು, ಗೋಡೆಗೆ ಬಣ್ಣ ಹೊಡೆಯುವ ಅಗಲ ಕುಂಚ ಸಾಕು. ಗೋಡೆ ಕಪ್ಪಾಗುತ್ತದೆ, ಒಣಗಿ ಮಾಯವಾಗುತ್ತದೆ, ಮತ್ತೆ ಹಚ್ಚಬಹುದು. ಇಷ್ಟು ಅಗ್ಗದ, ಇಷ್ಟು ಕಡಿಮೆ ಒರೆಸುವ ಕೆಲಸವಿರುವ ಚಿತ್ರಕಲೆ ಇನ್ನೊಂದಿಲ್ಲ.

ಪುಸ್ತಕ ಮತ್ತು ಹಾಡು. ಹರಿಯದ ದಪ್ಪ ರಟ್ಟಿನ ಪುಸ್ತಕಗಳನ್ನು ಮಕ್ಕಳ ಕೈಗೆಟುಕುವಲ್ಲಿ ಮುಖಪುಟ ಕಾಣುವಂತೆ ಇಡಿ. ಗುಂಪಾಗಿ ಕೂರಿಸಿ ಓದುವುದು ಈ ವಯಸ್ಸಿಗೆ ಆಗದು. ಒಬ್ಬಳು ತೊಡೆಯೇರುತ್ತಾಳೆ, ಇನ್ನೊಬ್ಬ ಎರಡು ಪುಟಕ್ಕೆ ಎದ್ದು ಹೋಗುತ್ತಾನೆ. ಹೋಗಲಿ. ಹಾಡು ಬೇರೆ, ಕೈ ಬೆರಳಾಡಿಸುವ ನಾಲ್ಕು ಹಾಡು ಗೊತ್ತಿದ್ದರೆ ಡಯಾಪರ್ ಬದಲಿಸುವಾಗಲೂ ಊಟಕ್ಕೆ ಕಾಯುವಾಗಲೂ ಅವೇ ಕೈಹಿಡಿಯುತ್ತವೆ. ರಾಗ ತಪ್ಪಿದರೆ ಯಾರೂ ದೂರುವುದಿಲ್ಲ.

ಮೈ ದಣಿಸುವ ಆಟಕ್ಕೆ ದಿಂಬುಗಳ ಗುಡ್ಡ, ಮೇಜಿನ ಮೇಲೆ ಹೊದಿಕೆ ಹಾಕಿದ ಗುಹೆ, ತಳ್ಳಲು ಭಾರದ ರಟ್ಟಿನ ಪೆಟ್ಟಿಗೆ. ಎರಡು ಕಾಲೂ ಎತ್ತಿ ಜಿಗಿಯುವುದು ಸುಮಾರು ಎರಡು, ಎರಡೂವರೆ ವರ್ಷಕ್ಕೆ ಬರುತ್ತದೆ. ಅದಕ್ಕೂ ಮೊದಲು ಕೈಹಿಡಿದು ಜಿಗಿಸಬೇಕಾದ ತುರ್ತೇನೂ ಇಲ್ಲ.

ಮಿನುಗುಪುಡಿ, ಮಣಿ, ಬಣ್ಣದ ಪುಟ್ಟ ಉಂಡೆ ಅಂಟಿಸುವ ಕರಕುಶಲ ಇತ್ಯಾದಿ ನನ್ನ ಪಟ್ಟಿಯಲ್ಲಿಲ್ಲ. ಅಂಗೈ ಅಚ್ಚಿನಿಂದ ಮಾಡುವ ಆನೆ, ನವಿಲುಗಳೂ ಅಷ್ಟೇ. ಮಗುವಿನ ಕೈಯನ್ನು ನಾವೇ ಹಿಡಿದು, ನಾವೇ ಒತ್ತಿ, ಕಣ್ಣು ಮೂಗು ನಾವೇ ಬರೆದು, ಅದರ ಹೆಸರಿನಲ್ಲಿ ಗೋಡೆಗೆ ತೂಗುಹಾಕುವುದು. ಇದಕ್ಕಿಂತ ‘ಮಾಡಿಸುವುದು’ ಬೇರೆ ಬೇಕೆ?

ಹಂತ 5: ಒಂದೇ ಸಾಮಾನು, ಮೂರು ವಯಸ್ಸು

ಮೂವರಿಗೆ ಮೂರು ಚಟುವಟಿಕೆ ಇಡಲು ಹೋದರೆ ನೀವು ಬಳಲುತ್ತೀರಿ. ಒಂದೇ ನೀರಿನ ಟಬ್ಬನ್ನು ನೋಡಿ. ಹದಿಮೂರು ತಿಂಗಳಿನದು ಅಂಗೈಯಿಂದ ಬಡಿಯುತ್ತದೆ. ಇಪ್ಪತ್ತು ತಿಂಗಳಿನದು ಬಟ್ಟಲಿನಿಂದ ಬಟ್ಟಲಿಗೆ ಸುರಿಯುತ್ತದೆ, ತುಂಬಿ ಹರಿದರೂ ನಿಲ್ಲಿಸುವುದಿಲ್ಲ. ಎರಡೂವರೆ ವರ್ಷದವರು ಬೊಂಬೆಗೆ ಸ್ನಾನ ಮಾಡಿಸುತ್ತಾರೆ. ಸಾಮಾನು ಒಂದೇ, ಸ್ಪಂಜು, ಬಟ್ಟಲು, ಬೊಂಬೆ ಮಾತ್ರ ಸೇರಿಸಿದ್ದು. ಯಾವ ಚಟುವಟಿಕೆಯನ್ನು ಬರೆಯುವಾಗಲೂ ‘ಚಿಕ್ಕದಕ್ಕೆ ಏನು, ದೊಡ್ಡದಕ್ಕೆ ಏನು’ ಎಂದು ಒಂದೊಂದು ಪದ ಸೇರಿಸಿ. ಸುರಕ್ಷತೆಯ ವಿಷಯದಲ್ಲಿ ಮಾತ್ರ ಅತಿ ಚಿಕ್ಕ ಮಗುವಿನ ಅಳತೆಯೇ ಎಲ್ಲರಿಗೂ.

ಹಂಚಿಕೊಳ್ಳುವುದನ್ನು ಕಲಿಸಬೇಕೆಂಬ ಆಸೆ ಹೊಸಬರಿಗೆ ಬಹಳ. ಈ ವಯಸ್ಸಿನವರು ಹೆಚ್ಚಾಗಿ ಪಕ್ಕಪಕ್ಕದಲ್ಲಿ ಕುಳಿತು ಬೇರೆ ಬೇರೆಯಾಗಿ ಆಡುತ್ತಾರೆ. ಅಮೆರಿಕದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ 1932ರಲ್ಲೇ ಇದನ್ನು ‘ಸಮಾಂತರ ಆಟ’ ಎಂದು ಗುರುತಿಸಿದ್ದರು. ಜೊತೆಗೂಡಿ ಆಡುವುದು ಅದರ ನಂತರ ನಿಧಾನವಾಗಿ ಬರುತ್ತದೆ. ಆದ್ದರಿಂದ ಐದು ಬಗೆಯ ಒಂದೊಂದು ಆಟಿಕೆಗಿಂತ ಒಂದೇ ಬಗೆಯ ಮೂರು ಬಟ್ಟಲು, ಮೂರು ಸೌಟು ಇಟ್ಟುಕೊಳ್ಳಿ. ಜಗಳ ಅರ್ಧಕ್ಕರ್ಧ ಇಳಿಯುತ್ತದೆ. ಉಳಿದರ್ಧಕ್ಕೆ ‘ಅವನದು ಮುಗಿದ ಮೇಲೆ ನಿನಗೆ’ ಎಂದು ಹೇಳಿ, ಮುಗಿದ ಮೇಲೆ ಮರೆಯದೆ ಕೊಡಿ.

ಹಂತ 6: ಆಟ ನಡೆಯುವಾಗ ನೀವು ಏನು ಮಾಡಬೇಕು

ಕುಳಿತಿರಬೇಕು, ಕಡಿಮೆ ಮಾತಾಡಬೇಕು, ಸಿಕ್ಕ ಮಾತಿಗೆ ಮರುಮಾತು ಕೊಡಬೇಕು. ಮಗು ‘ಆ!’ ಎಂದು ಬೊಟ್ಟು ಮಾಡಿತು ಎನ್ನಿ. ‘ಹೌದು, ಹಕ್ಕಿ. ಹಾರಿಹೋಯಿತು’ ಎನ್ನಿ. ಮತ್ತೆ ಅದರ ಸರದಿ. ಚೆಂಡಾಟದಂತೆ ಅತ್ತಿಂದಿತ್ತ ನಡೆಯುವ ಈ ಕೊಡುಕೊಳ್ಳುವಿಕೆಯಲ್ಲೇ ಭಾಷೆ ಬೆಳೆಯುವುದು. ಉತ್ತರಕ್ಕೆ ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ಕಾಯಿರಿ. ಪುಟ್ಟವರಿಗೆ ಪದ ಹುಡುಕಲು ಅಷ್ಟು ಹೊತ್ತು ಬೇಕು, ನಾವು ಮೂರಕ್ಕೇ ಬಾಯಿ ಹಾಕುತ್ತೇವೆ.

ಪರೀಕ್ಷೆಯ ಪ್ರಶ್ನೆಗಳನ್ನು ಬಿಡಿ. ‘ಇದು ಯಾವ ಬಣ್ಣ? ಇದು ಎಷ್ಟು?’ ಎಂದು ಕೇಳುವವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ‘ಕೆಂಪು ಬಟ್ಟಲು ತುಂಬಿತು’ ಎಂದು ಸುಮ್ಮನೆ ಹೇಳಿದರೆ ಬಣ್ಣವೂ ಬಂತು, ಆಟವೂ ಕೆಡಲಿಲ್ಲ.

ಡಯಾಪರ್ ಬದಲಿಸುವ ಐದು ನಿಮಿಷವನ್ನು ಚಟುವಟಿಕೆಗಳ ನಡುವಿನ ಅಡ್ಡಿ ಎಂದುಕೊಳ್ಳಬೇಡಿ. 1946ರಲ್ಲಿ ಬುಡಾಪೆಸ್ಟ್‌ನಲ್ಲಿ ಶಿಶುಗೃಹ ತೆರೆದ ವೈದ್ಯೆ ಎಮ್ಮಿ ಪಿಕ್ಲರ್ ಆರೈಕೆಯ ಗಳಿಗೆಗಳಿಗೇ ಹೆಚ್ಚು ಬೆಲೆ ಕೊಟ್ಟವರು. ‘ಈಗ ಕಾಲೆತ್ತುತ್ತೇನೆ’ ಎಂದು ಹೇಳಿ, ಒಂದು ಕ್ಷಣ ನಿಂತು, ಆಮೇಲೆ ಎತ್ತಿ. ಕೆಲವೇ ದಿನಗಳಲ್ಲಿ ಮಗು ತಾನೇ ಕಾಲೆತ್ತಿ ಕಾಯುತ್ತದೆ. ಮೂರು ಮಕ್ಕಳ ನಡುವೆ ಒಬ್ಬರಿಗೇ ನಿಮ್ಮ ಪೂರ್ತಿ ಮುಖ ಸಿಗುವುದು ಆ ಐದು ನಿಮಿಷ ಮಾತ್ರ.

ಹಂತ 7: ವಾರದ ಹಾಳೆ

ಅರ್ಧ ಪುಟ ಸಾಕು. ಮೇಲೆ ಪ್ರತಿ ಮಗುವಿನ ಹೆಸರಿನ ಮುಂದೆ ಕಳೆದ ವಾರ ಕಂಡ ಒಂದು ಸಂಗತಿ. ಕೆಳಗೆ ಸೋಮವಾರದಿಂದ ಶುಕ್ರವಾರ, ದಿನಕ್ಕೊಂದು ಸಾಲು. ಹೀಗೆ:

‘ದೊಡ್ಡವನು: ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತುತ್ತಿದ್ದಾನೆ. ಚಿಕ್ಕವಳು: ಡಬ್ಬಿಯ ಮುಚ್ಚಳ ತೆಗೆಯಲು ಹೆಣಗುತ್ತಿದ್ದಾಳೆ.
ಸೋಮ: ಡಬ್ಬಿಗಳು, ಒಳಗೆ ಬಟ್ಟೆಯ ತುಂಡುಗಳು.
ಮಂಗಳ: ಅದೇ.
ಬುಧ: ಅದೇ, ಜೊತೆಗೆ ಹೊದಿಕೆಯ ಗುಹೆ.
ಗುರು: ನೀರು. ಮಳೆ ಬಂದರೆ ಒಳಗೆ ಮುದ್ದೆ.
ಶುಕ್ರ: ಮಕ್ಕಳು ಕೇಳಿದ್ದು.’

‘ಅದೇ’ ಎಂದು ಬರೆಯಲು ನಾಚಬೇಡಿ. ನಿಮಗೆ ಬೇಸರ ಬರುವ ಹೊತ್ತಿಗೆ ಮಗುವಿಗೆ ಅದು ಅರ್ಥವಾಗಲು ತೊಡಗಿರುತ್ತದೆ. ಆಟಿಕೆಗಳನ್ನೂ ಮೂರು ಪಾಲು ಮಾಡಿ, ಒಂದು ಪಾಲು ಮಾತ್ರ ಹೊರಗಿಡಿ. ಎರಡು ವಾರಕ್ಕೊಮ್ಮೆ ಬದಲಿಸಿದರೆ ಹಳೆಯದೇ ಹೊಸದಾಗುತ್ತದೆ. ಮಗು ದಿನವೂ ಹುಡುಕಿ ಬರುವ ಆಟಿಕೆಯೊಂದನ್ನು ಮಾತ್ರ ಬದಲಾವಣೆಯ ಹೆಸರಿನಲ್ಲಿ ಮರೆಮಾಡಬೇಡಿ.

ಹಂತ 8: ಎಲ್ಲವೂ ಕೈಮೀರುವ ದಿನ

ಹನ್ನೊಂದು ಗಂಟೆಗೆ ಮೂವರೂ ಅಳುತ್ತಿರುವ ದಿನ ಬಂದೇ ಬರುತ್ತದೆ. ಮೊದಲು ಹಸಿವು, ನಿದ್ದೆ, ಒದ್ದೆ, ಜ್ವರ ಈ ನಾಲ್ಕನ್ನು ನೋಡಿ. ಅವು ಅಲ್ಲವಾದರೆ ಜಾಗ ಬದಲಿಸಿ: ಒಳಗಿದ್ದರೆ ಹೊರಗೆ, ಹೊರಗಿದ್ದರೆ ನೀರಿನ ಬಳಿಗೆ. ಹೊಸ ಚಟುವಟಿಕೆ ತೆಗೆದು ಸುರಿಯಬೇಡಿ, ಅದು ಉರಿಯುವ ಒಲೆಗೆ ತುಪ್ಪ ಸುರಿದ ಹಾಗೆ. ಇಂಥ ದಿನಕ್ಕೆಂದೇ ಒಂದು ಪೆಟ್ಟಿಗೆಯಲ್ಲಿ ಮಕ್ಕಳು ಅಪರೂಪಕ್ಕೆ ನೋಡುವ ಮೂರು ವಸ್ತುಗಳನ್ನು ಎತ್ತಿಟ್ಟಿರಿ. ನನ್ನದರಲ್ಲಿ ಒಂದು ಟಾರ್ಚು, ದೊಡ್ಡ ಬಣ್ಣದ ವಸ್ತ್ರ, ಮುಚ್ಚಳ ಬಿಗಿದ ಸದ್ದಿನ ಡಬ್ಬಿ ಇವೆ. ಟಾರ್ಚಿನ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇದೆ.

ಕಚ್ಚಿದ ಮಗುವಿಗೆ ಚಿಕ್ಕದಾಗಿ, ಗಟ್ಟಿಯಾಗಿ ‘ಕಚ್ಚಬಾರದು, ನೋವಾಗುತ್ತದೆ’ ಎಂದು ಹೇಳಿ, ಕಚ್ಚಿಸಿಕೊಂಡವರನ್ನು ಮೊದಲು ಎತ್ತಿಕೊಳ್ಳಿ. ತಿರುಗಿ ಕಚ್ಚಿ ತೋರಿಸು ಎನ್ನುವ ಸಲಹೆ ಯಾರಿಂದ ಬಂದರೂ ಕೇಳಬೇಡಿ. ಎರಡೂ ಮನೆಯವರಿಗೆ ಅದೇ ದಿನ ತಿಳಿಸಿ. ಕಚ್ಚಿದ್ದು ಯಾರು ಎಂಬ ಹೆಸರನ್ನು ಇನ್ನೊಂದು ಮನೆಗೆ ಹೇಳಬೇಕಿಲ್ಲ.

ಹಂತ 9: ಸಂಜೆ ಬಾಗಿಲಲ್ಲಿ

‘ಇವತ್ತು ಏನು ಮಾಡಿಸಿದಿರಿ?’ ಎಂದು ತಾಯಿ ತಂದೆ ಕೇಳುತ್ತಾರೆ. ಅವರ ಬಾಯಲ್ಲೂ ಅದೇ ‘ಮಾಡಿಸು’. ತೋರಿಸಲು ಗೋಡೆಗೆ ಅಂಟಿಸಿದ ಚಿತ್ರವಿಲ್ಲ ಎಂಬ ಅಳುಕು ಹೊಸಬರಿಗೆ ಇರುತ್ತದೆ, ಅಂಗೈ ಅಚ್ಚಿನ ಆನೆಗಳು ಹುಟ್ಟುವುದೇ ಈ ಅಳುಕಿನಿಂದ. ಅದರ ಬದಲು ನೋಟುಪುಸ್ತಕದ ಒಂದು ಸಾಲನ್ನು ಓದಿ ಹೇಳಿ. ಎಷ್ಟು ತಿಂದಿತು, ಎಷ್ಟು ಹೊತ್ತು ಮಲಗಿತು ಎಂಬುದರ ಜೊತೆಗೆ ನೀವು ಕಣ್ಣಾರೆ ಕಂಡ ಒಂದೇ ಒಂದು ಸಂಗತಿ. ಮಗುವಿನ ಮುಂದೆಯೇ ಹೇಳುತ್ತಿದ್ದೀರಿ ಎಂಬುದು ನೆನಪಿರಲಿ. ದೂರುಗಳೇನಾದರೂ ಇದ್ದರೆ ಫೋನಿನಲ್ಲಿ ಆಮೇಲೆ. ಫೋಟೊ ಕಳಿಸುವುದಿದ್ದರೆ ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ಪಡೆದಿರಿ, ಇನ್ನೊಂದು ಮಗುವಿನ ಮುಖ ಚೌಕಟ್ಟಿನೊಳಗೆ ಬಾರದಿರಲಿ.

ಮೊನ್ನೆ ಸಂಜೆ ನಾನು ಓದಿದ ಸಾಲು ಇದು: ‘ಉಂಗುರ ಕೊಳವೆಯೊಳಗೆ ಸಿಕ್ಕಿಕೊಂಡಿತು. ಅಳಲಿಲ್ಲ. ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ, ನೆಲಕ್ಕೆ ಎರಡು ಸಲ ಕುಟ್ಟಿದ.’ ಅಪ್ಪ ಪಾದರಕ್ಷೆ ಹಾಕುವುದನ್ನು ಬಿಟ್ಟು ‘ಎರಡೇ ಸಲವೇ?’ ಎಂದು ಕೇಳಿದರು.